ಮೊದಲು ಪುಸ್ತಕ, ಆಮೇಲೆ ಗಾಡಿ

ಗೂಡಲೂರಿನಿಂದ ಊಟಿಯವರೆಗೆ ಹಳೆಯ ಕಾರು ಮಾರುವ ಯಾವ ವ್ಯಾಪಾರಿಯನ್ನಾದರೂ ಕೇಳಿ ನೋಡಿ, ಅವರಿಗೆ ಎರಡೇ ಎರಡು ಭಯ. ಒಂದು, ಘಾಟಿಯಲ್ಲಿ ಎದುರಾಗುವ ಒಂಟಿ ಆನೆ. ಇನ್ನೊಂದು, ನಮ್ಮ ಸೋದರಮಾವ. ಆನೆಯಾದರೆ ಪರವಾಗಿಲ್ಲ, ಹಾರ್ನ್ ಮಾಡದೆ ಸುಮ್ಮನೆ ನಿಂತರೆ ತನ್ನ ಪಾಡಿಗೆ ರಸ್ತೆ ದಾಟಿ ಹೋಗುತ್ತದೆ. ಮಾವ ಹಾಗೆ ಹೋಗುವವರಲ್ಲ. ಅವರಿಗೆ ಪುಸ್ತಕ ತೋರಿಸಬೇಕು.

ಹಳೆಯ ಕಾರು ನೋಡಲು ಹೋದವರು ಮೊದಲು ಏನು ಮಾಡುತ್ತಾರೆ? ಬಣ್ಣ ನೋಡುತ್ತಾರೆ, ಟೈರಿಗೆ ಒದೆಯುತ್ತಾರೆ, ಒಳಗೆ ಕೂತು ಸ್ಟೇರಿಂಗ್ ಹಿಡಿದು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾರೆ. ನಾನಾಗಿದ್ದರೂ ಅಷ್ಟೇ. ಮಾವ ಮಾತ್ರ ಕಾರಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಂಗಳಕ್ಕೆ ಕಾಲಿಟ್ಟ ಕೂಡಲೇ, "ಪುಸ್ತಕ ಎಲ್ಲಿ?" ಎನ್ನುತ್ತಾರೆ. ಪುಸ್ತಕವೆಂದರೆ ಸರ್ವೀಸ್ ಪುಸ್ತಕ. ಗಾಡಿ ಯಾವಾಗ ಸರ್ವೀಸಿಗೆ ಹೋಯಿತು, ಆಯಿಲ್ ಎಂದು ಬದಲಾಯಿತು, ಬ್ರೇಕು ಎಷ್ಟು ಸಲ ಸವೆಯಿತು, ಎಲ್ಲ ಅದರಲ್ಲಿರಬೇಕು. ವ್ಯಾಪಾರಿ ಪುಸ್ತಕ ಹುಡುಕುವಷ್ಟರಲ್ಲಿ ಮಾವ ಎಡಗಡೆ ಬಾಗಿಲು ತೆಗೆದು, ಸೀಟಿನ ಮುಂದಿರುವ ಡ್ಯಾಶ್‌ಬೋರ್ಡಿನ ಡಬ್ಬಿಗೆ ಮೊಣಕೈವರೆಗೂ ಕೈ ತೂರಿಸಿ ತಡಕಾಡುತ್ತಿರುತ್ತಾರೆ. ಹಳೆಯ ಟೋಲ್ ಚೀಟಿ, ಒಣಗಿದ ನಿಂಬೆಹಣ್ಣು, ಯಾರದೋ ಬಾಚಣಿಗೆ ಹೊರಗೆ ಬರುತ್ತವೆ. ಮಾವ ಅವನ್ನೆಲ್ಲ ನೋಡಿ, ಮತ್ತೆ ಒಳಗಿಟ್ಟು, ಡಬ್ಬಿ ಮುಚ್ಚಿ, ಕೈ ಒರೆಸಿಕೊಳ್ಳುತ್ತಾರೆ. ಆಮೇಲೆಯೇ ವ್ಯವಹಾರದ ಮಾತು.

ಇಷ್ಟೆಲ್ಲ ಬಲ್ಲವರ ಹತ್ತಿರ ಯಾವ ಗಾಡಿ ಇರಬಹುದು ಎಂದು ನೀವು ಕೇಳಬಹುದು. ಯಾವುದೂ ಇಲ್ಲ! ಬಸ್ಸಿನಲ್ಲಿ ಬರುತ್ತಾರೆ, ಬಸ್ಸಿನಲ್ಲಿ ಹೋಗುತ್ತಾರೆ. ಆದರೆ ನೆಂಟರಲ್ಲಿ, ಸ್ನೇಹಿತರಲ್ಲಿ, ಸ್ನೇಹಿತರ ನೆಂಟರಲ್ಲಿ ಯಾರೇ ಹಳೆಯ ಕಾರು ಕೊಳ್ಳುತ್ತೇನೆಂದರೂ ಮಾವ ಹೊರಟು ನಿಲ್ಲುತ್ತಾರೆ. ಕರೆಯದಿದ್ದರೂ ಬರುತ್ತಾರೆ. ಒಮ್ಮೆ ಬಸ್ಸಿನಲ್ಲಿ ಪಕ್ಕದ ಸೀಟಿನವರು ಫೋನಿನಲ್ಲಿ ಕಾರಿನ ಮಾತಾಡುವುದನ್ನು ಕೇಳಿ, ಅವರ ಜೊತೆಯಲ್ಲೇ ಇಳಿದು ಹೋಗಿ, ಸಂಜೆ ಅವರ ಮನೆಯಲ್ಲಿ ಊಟ ಮುಗಿಸಿ ಬಂದಿದ್ದರು.

ಈ ಚಾಳಿ ಕಾರಿಗೇ ನಿಲ್ಲಲಿಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ ಕೂನೂರಿನಲ್ಲಿ ಗಂಡು ನೋಡಲು ಹೋಗಿದ್ದೆವು. ಉಪ್ಪಿಟ್ಟು ಕಾಫಿ ಆಯಿತು, ಕೆಲಸ ಸಂಬಳದ ಮಾತಾಯಿತು. ಮಾವ ಹುಡುಗನನ್ನು ಹತ್ತಿರ ಕೂರಿಸಿಕೊಂಡು, "ಕೊನೇಗೆ ಡಾಕ್ಟ್ರತ್ರ ಹೋಗಿದ್ದು ಯಾವಾಗಪ್ಪ? ಬರೆದಿಟ್ಟಿರೋದು ಏನಾದ್ರೂ ಅದಾ?" ಎಂದರು. ನಮ್ಮ ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆದರೆ ಹುಡುಗನ ತಾಯಿ ಎದ್ದುಹೋಗಿ, ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು ಕೊಟ್ಟರು. ಹುಡುಗ ಹುಟ್ಟಿದಾಗಿನಿಂದ ಹಾಕಿಸಿದ ಚುಚ್ಚುಮದ್ದಿನ ಕಾರ್ಡು! ಮಾವ ಕನ್ನಡಕ ಏರಿಸಿ ಎರಡೂ ಬದಿ ಓದಿ, "ಒಂದು ಡ್ರಾಪ್ಸೂ ತಪ್ಪಿಲ್ಲ. ಸಿಂಗಲ್ ಓನರ್. ಮುಂದುವರ್ಸಿ" ಎಂದುಬಿಟ್ಟರು. ಈಗ ಆ ದಂಪತಿಗೆ ಇಬ್ಬರು ಮಕ್ಕಳು, ಸುಖವಾಗಿದ್ದಾರೆ. ಆ ಕೀರ್ತಿಯಲ್ಲಿ ಅರ್ಧ ತಮ್ಮದೆಂದು ಮಾವ ಇಂದಿಗೂ ನಂಬಿದ್ದಾರೆ.

ಮಾವನ ಇನ್ನೊಂದು ಸಿದ್ಧಾಂತ ಬೆಟ್ಟದ ಕಿಲೋಮೀಟರು. ಬಯಲಿನಲ್ಲಿ ಓಡಿದ ಒಂದು ಕಿಲೋಮೀಟರು ಒಂದೇ ಕಿಲೋಮೀಟರು. ಗೂಡಲೂರು ಘಾಟಿ ಹತ್ತಿದರೆ ಅದು ಎರಡು. ಕಲ್ಲಟ್ಟಿಯ ಕಡಿದಾದ ಘಾಟಿಯನ್ನು ಸೆಕೆಂಡ್ ಗೇರಿನಲ್ಲಿ ಇಳಿದರೆ ಮೂರು. ಬ್ರೇಕು ಅದುಮಿಕೊಂಡೇ ಇಳಿದರೆ ಆರು. ಆದ್ದರಿಂದ ಮೀಟರು ತೋರಿಸುವ ಸಂಖ್ಯೆಯನ್ನು ನಂಬದೆ, ಗಾಡಿ ಯಾರ ಕೈಯಲ್ಲಿ ಎಲ್ಲೆಲ್ಲಿ ತಿರುಗಿತು ಎಂಬುದನ್ನು ಸರ್ವೀಸ್ ಪುಸ್ತಕದಿಂದ ತೆಗೆದು, ಗುಣಿಸಿ, ಅದರ ನಿಜವಾದ ವಯಸ್ಸು ಹೇಳುತ್ತಾರೆ. ಒಮ್ಮೆ ಮೂರು ವರ್ಷದ ಟ್ಯಾಕ್ಸಿಯೊಂದನ್ನು ಹೀಗೆ ಗುಣಿಸಿ, "ಇದು ನನಗಿಂತ ದೊಡ್ಡದು, ನಾನೇ ಕಾಲಿಗೆ ಬೀಳ್ಬೇಕು" ಎಂದು ಎದ್ದು ಬಂದರು.

ಹೇಳಲೇಬೇಕಾದದ್ದೊಂದಿದೆ. ಪುಸ್ತಕಕ್ಕಾಗಿ ಇಷ್ಟು ಪ್ರಾಣ ಬಿಡುವ ಮಾವನಿಗೆ ಬರೆಯುವುದೆಂದರೆ ಆಗದು. ವಿದ್ಯುತ್ ಇಲಾಖೆಯಲ್ಲಿ ಜೀಪು ಓಡಿಸುತ್ತಿದ್ದರು, ಅವಲಾಂಚ್ ಅಣೆಕಟ್ಟಿನ ಕಡೆ ಡ್ಯೂಟಿ. ದಿನವೂ ಎಷ್ಟು ಓಡಿತು, ಏನು ರಿಪೇರಿಯಾಯಿತು ಎಂದು ಲಾಗ್ ಬುಕ್ ಬರೆಯುವುದು ಡ್ರೈವರನ ಕೆಲಸ. ಇವರ ಅಕ್ಷರವನ್ನು ಇವರೇ ಮರುದಿನ ಓದಲಾರರು. ಕೊನೆಗೆ ಲಾಗ್ ಬುಕ್ಕನ್ನು ಮನೆಗೆ ತರತೊಡಗಿದರು. ಮಾವ ಒಲೆಯ ಮುಂದೆ ಕೈ ಕಾಯಿಸುತ್ತ ಹೇಳುವುದು, ನಮ್ಮ ಅತ್ತೆ ದುಂಡಗೆ ಬರೆಯುವುದು. ಅತ್ತೆ ಹೇಳಿದ್ದಷ್ಟೇ ಬರೆಯುವ ಪೈಕಿಯವರಲ್ಲ. ಒಂದು ದಿನ ಸಾಹೇಬರು ಲಾಗ್ ಬುಕ್ಕಿಗೆ ಸಹಿ ಮಾಡುವಾಗ ಕನ್ನಡ ಬಲ್ಲ ಗುಮಾಸ್ತನಿಂದ ಓದಿಸಿದರಂತೆ. "ರೇಡಿಯೇಟರಿಗೆ ನೀರು ಹಾಕಿದೆ. ಸಾಹೇಬರು ದಾರಿಯುದ್ದಕ್ಕೂ ನಿದ್ದೆ ಮಾಡಿದರು" ಎಂದಿತ್ತಂತೆ. ಮಾವನನ್ನು ಒಂದು ವಾರ ಆಫೀಸಿನ ಬೆಂಚಿನ ಮೇಲೆ ಕೂರಿಸಿದ್ದರು. ಈ ಕಥೆಯನ್ನು ಅತ್ತೆ ಹೇಳುವಾಗ ನಗುನಗುತ್ತ ಕೆಮ್ಮು ಬಂದು, ಮಾವ ನೀರು ತಂದುಕೊಡುತ್ತಿದ್ದರು. ಅತ್ತೆ ಹೋಗಿ ಆರು ವರ್ಷವಾಯಿತು.

ಇಂಥ ಮಾವನ ಕೈಗೆ ಹೋದ ವರ್ಷ ನಾನೇ ಸಿಕ್ಕಿಬಿದ್ದೆ.

ನಾವು ಗುಂಡ್ಲುಪೇಟೆ ಕಡೆಯಿಂದ ಈರುಳ್ಳಿ ಹೊತ್ತು ಘಾಟಿ ಹತ್ತಿದವರ ಮೊಮ್ಮಕ್ಕಳು. ನನಗೆ ಗೂಡಲೂರಿನಲ್ಲಿ ಬಿತ್ತನೆ ಬೀಜ, ಗೊಬ್ಬರದ ಅಂಗಡಿ. ಹೆಂಡತಿ ಸುಮಾ ನರ್ಸು. ಅವಳಿಗೆ ನಡುವಟ್ಟಂ ಆಸ್ಪತ್ರೆಗೆ ವರ್ಗವಾಯಿತು. ಬೆಳಗ್ಗೆ ಎಂಟಕ್ಕೆ ಸಹಿ ಹಾಕಬೇಕು. ಮಂಜು ಮುಸುಕಿದ ಘಾಟಿಯಲ್ಲಿ ಬಸ್ಸು ಎಂಟಕ್ಕೆ ತಲುಪಿಸಿದರೆ ಅದು ನಮ್ಮ ಪುಣ್ಯ. ಹಾಗಾಗಿ ಇದ್ದದ್ದು ಎರಡೇ ದಾರಿ. ಒಂದನೇ ತಾರೀಖಿನೊಳಗೆ ಕಾರು ಕೊಳ್ಳುವುದು, ಇಲ್ಲವೇ ಸುಮಾ ನಡುವಟ್ಟಂನಲ್ಲಿ ರೂಮು ಹಿಡಿದು, ವಾರಕ್ಕೊಮ್ಮೆ ಮನೆಗೆ ಬರುವುದು. ನಮ್ಮ ಮಗಳಿನ್ನೂ ಒಂದನೇ ಕ್ಲಾಸು. ಅವಳ ತಲೆ ಬಾಚಲು ನನಗೆ ಬರುವುದಿಲ್ಲ, ಅಮ್ಮನಿಲ್ಲದೆ ಅವಳು ಮಲಗುವುದಿಲ್ಲ. ಸುಮಾ ಡ್ರೈವಿಂಗ್ ಲೈಸೆನ್ಸ್ ಮಾಡಿಸಿ ವರ್ಷವಾಗಿತ್ತು. ಹೊಸ ಕಾರಿಗೆ ಕೈ ನಿಲುಕುವಂತಿರಲಿಲ್ಲ, ಆದರೆ ಹಳೆಯದಾದರೇನು, ನಮ್ಮ ಮನೆಗೆ ಮೊದಲ ಕಾರು! ಮಗಳು ಆಗಲೇ ಅಕ್ಕಪಕ್ಕದ ಮನೆಗಳಲ್ಲಿ ಯಾರ್‍ಯಾರು ಮುಂದೆ ಕೂರಬೇಕು, ಯಾರು ಹಿಂದೆ ಎಂದು ಸೀಟು ಹಂಚಿ ಮುಗಿಸಿದ್ದಳು. ಅಂಗಡಿಯಲ್ಲಿ ಗೊಬ್ಬರ ತೂಗುತ್ತ ನಾನೂ ಗೇರು ಬದಲಾಯಿಸುತ್ತಿದ್ದೆ.

ಸುಮಾಳದು ಒಂದೇ ಷರತ್ತು, ಗಾಡಿ ನಲವತ್ತಮೂರರದ್ದಾಗಿರಬೇಕು. ನಂಬರ್ ಪ್ಲೇಟಿನಲ್ಲಿ ನಲವತ್ತಮೂರು ಎಂದರೆ ನಮ್ಮ ನೀಲಗಿರಿ ಜಿಲ್ಲೆ. ಚೆಕ್‌ಪೋಸ್ಟಿನವರು ನಲವತ್ತಮೂರು ಕಂಡರೆ ಊರಿನವರೆಂದು ಕೈ ಬೀಸಿ ಬಿಡುತ್ತಾರೆ, ಕಲ್ಲಟ್ಟಿ ಇಳಿಯಲೂ ತಕರಾರಿಲ್ಲ. ಅದಕ್ಕೇ ಇಲ್ಲಿನ ಜನ ಒಂದು ನಲವತ್ತಮೂರರ ಗಾಡಿಯನ್ನು ಕೈಯಿಂದ ಕೈಗೆ ದಾಟಿಸುತ್ತ, ಅದು ಬೆಟ್ಟ ಬಿಟ್ಟು ಹೋಗದಂತೆ ನೋಡಿಕೊಳ್ಳುತ್ತಾರೆ.

ಮಾವನಿಗೆ ಸುದ್ದಿ ಹೇಳಬಾರದೆಂದು ತೀರ್ಮಾನಿಸಿದೆವು. ಮರುದಿನ ಬೆಳಗ್ಗೆ ಏಳಕ್ಕೆ ಮಾವ ಮಫ್ಲರ್ ಸುತ್ತಿಕೊಂಡು ಬಾಗಿಲಲ್ಲಿದ್ದರು. ಮಗಳು ಫೋನ್ ಮಾಡಿ, ಅವರಿಗೂ ಒಂದು ಸೀಟು ಕೊಟ್ಟಿದ್ದಳು.

ಮೊದಲು ಗೂಡಲೂರಿನಲ್ಲೇ ಒಂದು ಕೆಂಪು ಕಾರು. ನನಗೆ ನೋಡಿದ ಕ್ಷಣವೇ ಮನಸ್ಸಾಯಿತು. ಕೇರಳದ ಕಡೆಯ ವ್ಯಾಪಾರಿ, ಒಂದೇ ವಾಕ್ಯದಲ್ಲಿ ನಾಲ್ಕು ಭಾಷೆ ಆಡುವ ಚುರುಕಿನ ಮನುಷ್ಯ. "ಬುಕ್ ಉಂಟು ಚೇಟ್ಟಾ, ಪಕ್ಕಾ ಬುಕ್" ಎಂದು ನಗುತ್ತ ಕೊಟ್ಟ. ಐದು ವರ್ಷದ ಸರ್ವೀಸು, ಒಂದೂ ತಪ್ಪಿಲ್ಲ, ತಾರೀಖು, ಸಹಿ, ಎಲ್ಲ ಇದೆ. ನಾನು ಜೇಬಿಗೆ ಕೈ ಹಾಕಿದೆ. ಮಾವ ಮಾತ್ರ ಪುಟಗಳನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುವುತ್ತಿದ್ದರು.

"ಬಾಳ ಚೆನ್ನಾಗದೆ," ಎಂದರು. "ಐದು ವರ್ಷ ಒಂದೇ ಪೆನ್ನು ಬಂದದೆ. ಒಂದೇ ಕೈ, ಒಂದೇ ಇಂಕು. ಮೊದಲ್ನೆ ಪುಟಕ್ಕೂ ಕೊನೆ ಪುಟಕ್ಕೂ ಒಂದು ಆಯಿಲ್ ಮಚ್ಚೆ ಇಲ್ಲ. ಗ್ಯಾರೇಜಲ್ಲಿ ಬರೆದ ಪುಸ್ತಕಕ್ಕೆ ಬೆರಳಿನ ಮಚ್ಚೆ ಇರ್ಬೇಕಲ್ಲಪ್ಪ?"

ವ್ಯಾಪಾರಿ ಆಕಾಶ ನೋಡಿದ.

"ಕಾರು ಬೇಡ. ಆ ಪೆನ್ನು ಯಾವ ಕಂಪನೀದು ಹೇಳು, ಅದು ಬೇಕು."

ಪಾಪ, ಅವನು ನಿಜವಾಗಿಯೂ ಪೆನ್ನು ಕೊಟ್ಟ. ಮಾವ ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ಬಂದರು. ಮನೆಗೆ ಬಂದ ಕೂಡಲೇ ಅದು ಮಗಳ ಪಾಲಾಯಿತು.

ಎರಡನೆಯದು ಊಟಿಯಲ್ಲಿ, ಬೆಳ್ಳಿ ಬಣ್ಣದ್ದು. ಮೀಟರಿನಲ್ಲಿ ಇಪ್ಪತ್ತೆರಡು ಸಾವಿರ. ಪುಸ್ತಕ ಕಳೆದುಹೋಗಿದೆಯೆಂದು ಡೀಲರು ಮುಖ ಸಣ್ಣದು ಮಾಡಿದ. ಮಾವ ಬ್ರೇಕ್ ಪೆಡಲಿನ ರಬ್ಬರನ್ನು ಹೆಬ್ಬೆರಳಿನಲ್ಲಿ ಸವರಿದರು. ಗೆರೆಯೇ ಇಲ್ಲ, ಕನ್ನಡಿ ಹಾಗೆ ನುಣ್ಣಗಾಗಿತ್ತು. "ಪುಸ್ತಕ ಕಳೀಬೋದು, ಕಂಪ್ಯೂಟ್ರು ಕಳೆಯಲ್ಲ" ಎಂದು ಬಾನೆಟ್ ಎತ್ತಿಸಿ ಚಾಸಿ ನಂಬರು ಬರೆಸಿ, ನನ್ನಿಂದ ಕಂಪನಿಯ ಸರ್ವೀಸ್ ಸೆಂಟರಿಗೆ ಫೋನ್ ಮಾಡಿಸಿದರು. ಅಲ್ಲಿನ ಹುಡುಗಿ ನೋಡಿ ಹೇಳಿದಳು: ಎರಡು ವರ್ಷದ ಹಿಂದೆಯೇ ಈ ಗಾಡಿ ಅರವತ್ತೊಂದು ಸಾವಿರ ಓಡಿತ್ತು. ಮಾವ ಡೀಲರನ ಹೆಗಲ ಮೇಲೆ ಕೈಯಿಟ್ಟು ಬಹಳ ವಿಶ್ವಾಸದಿಂದ, "ರಿವರ್ಸ್ ಗೇರು ಮಾತ್ರ ಭೇಷಾಗದೆ ಕಣಪ್ಪ" ಎಂದರು. ಆತನೂ ದೊಡ್ಡ ಮನುಷ್ಯನೇ, ನಮ್ಮೆಲ್ಲರಿಗೂ ಟೀ ತರಿಸಿದ.

ಆಮೇಲೆ ಮಸಿನಗುಡಿ. ರೆಸಾರ್ಟ್ ಒಂದರ ಜೀಪನ್ನು ಡೀಲರೊಬ್ಬ ಮಾರಾಟಕ್ಕಿಟ್ಟಿದ್ದ. ಜೀಪು ನಮಗೆ ಏಕೆ ಎಂದು ಸುಮಾ ಕೇಳಿದರೂ ಮಾವ ಬಿಡಲಿಲ್ಲ, "ಬಂದಿದ್ದೀವಿ, ಡ್ಯಾಶ್‌ಬೋರ್ಡ್ ನೋಡ್ಕೊಂಡು ಹೋಗವಾ" ಎಂದರು. ಆ ಜೀಪಿನ ಪುಸ್ತಕ ಮಾತ್ರ ನೂರಕ್ಕೆ ನೂರು ಅಸಲಿ, ಪುಟಪುಟಕ್ಕೂ ಗ್ರೀಸು. ಆದರೆ ಆರಾರು ತಿಂಗಳಿಗೊಮ್ಮೆ ಎಡಗಡೆ ಬಾಗಿಲು ತಟ್ಟಿಸಿದ ಬಿಲ್ಲು. ಹತ್ತಿರ ಕೂತಿದ್ದ ಅದರ ಹಳೆಯ ಡ್ರೈವರನನ್ನು ಮಾವ ಕಣ್ಣಲ್ಲೇ ಕೇಳಿದರು. ಕಾಡಿನಂಚಿನ ಹಾಡಿಯವನು, ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಆನೆ ಒರಗ್ತದೆ ಸಾಮಿ," ಎಂದ.

"ಪ್ರತಿ ಸಲ ಎಡಗಡೇನೇ?"

"ಒಂದೇ ಆನೆ. ಅದ್ಕೆ ಈ ವಂಡಿ ಗುರುತದೆ."

ಗಾಡಿಯ ಹಿಂದಿನ ಮಾಲೀಕರು ಬಿಟ್ಟುಕೊಟ್ಟರೂ ಆನೆ ಬಿಟ್ಟುಕೊಡಬೇಕಲ್ಲ! ವಾಪಸು ಬಂದೆವು.

ಹೀಗೆ ಮೂರು ವಾರ ಕಳೆಯಿತು. ಒಂದನೇ ತಾರೀಖಿಗೆ ನಾಲ್ಕು ದಿನ ಉಳಿದಿತ್ತು. ಸುಮಾ ಮಂಚದ ಕೆಳಗಿನ ಟ್ರಂಕ್ ಎಳೆದು ಬಟ್ಟೆ ಮಡಿಸತೊಡಗಿದಳು. ನಡುವಟ್ಟಂನಲ್ಲಿ ರೂಮು ಗೊತ್ತಾಗಿತ್ತು. ಮಗಳು ಟ್ರಂಕಿನ ಮೇಲೆ ಹತ್ತಿ ಕೂತು, ಇಳಿಯುವುದಿಲ್ಲವೆಂದು ಹಟ ಹಿಡಿದಳು. ಅಷ್ಟರಲ್ಲಿ ಮಾವ ಬಂದು, "ಇನ್ನೊಂದು ವಂಡಿ ಅದೆಯಂತೆ ನೋಡ್ಲಾ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು.

"ಮಾವ, ನಿಮಗೆ ಬೇಕಾಗಿರೋದು ಗಾಡಿಯಾ, ಪುಸ್ತಕಾನಾ? ನಮ್ಮ ಸಂಸಾರ ಎರಡು ಭಾಗ ಆಗ್ತಾ ಇದೆ, ನೀವು ಕಂಡೋರ ಡ್ಯಾಶ್‌ಬೋರ್ಡಿಗೆ ಕೈ ಹಾಕ್ಕೊಂಡು ಕೂತಿದೀರಿ."

ಮಾವ ಮಫ್ಲರನ್ನು ಬಿಚ್ಚಿ, ಮತ್ತೆ ಸುತ್ತಿಕೊಂಡರು. ಮಾತಿಗೆ ಮಾತು ಕೊಡದ ಮಾವನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನಗೇ ನಾಚಿಕೆಯಾಯಿತು. ಸುಮಾ ಟ್ರಂಕಿನ ಮುಚ್ಚಳ ಹಾಕಿ, "ನಾಳೆ ಒಂದು ದಿನ ಹೋಗಿ ಬರಣ ಬನ್ನಿ ಮಾವ" ಎಂದಳು.

ಆ ಗಾಡಿ ಇದ್ದದ್ದು ಊಟಿಯಿಂದ ಕೂನೂರಿಗೆ ಇಳಿಯುವ ರಸ್ತೆಯ ಒಂದು ಯಾರ್ಡಿನಲ್ಲಿ. ಬೂದು ಬಣ್ಣದ ಚಿಕ್ಕ ಕಾರು, ನಲವತ್ತಮೂರರ ನಂಬರು, ಹತ್ತು ವರ್ಷದ್ದು. ಡೀಲರು ಮಾವನನ್ನು ಕಂಡವನೇ ಎದ್ದು ನಿಂತು, "ಅಯ್ಯಾ, ಮೊದಲೇ ಹೇಳ್ಬಿಡ್ತೀನಿ, ಕಂಪನಿ ಬುಕ್ ಇಲ್ಲ. ಕೇತಿ ಊರಿನ ಪಾರ್ಟಿ, ಲೋಕಲ್ ಮೆಕ್ಯಾನಿಕ್ ಹತ್ರ ಮಾಡಿಸ್ತಿದ್ದರು" ಎಂದ. ಪುಸ್ತಕವಿಲ್ಲದ ಗಾಡಿಯನ್ನು ಮಾವ ಮುಟ್ಟುತ್ತಾರೆಯೇ?

ಮಾವ ಎಡಗಡೆ ಬಾಗಿಲು ತೆಗೆದರು. ಡಬ್ಬಿಗೆ ಕೈ ಹಾಕಿದರು. ಮೊಣಕೈವರೆಗೆ ಹೋದ ಕೈ ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಅವರು ಅಲ್ಲಾಡಲೇ ಇಲ್ಲ, ಕೈ ಸಿಕ್ಕಿಕೊಂಡಿತೇನೋ ಎಂದು ನಾನು ಹತ್ತಿರ ಹೋದೆ. ನಿಧಾನವಾಗಿ ಒಂದು ಉದ್ದನೆಯ ನೋಟ್ ಪುಸ್ತಕ ಹೊರಗೆ ತೆಗೆದರು. ಹಸಿರು ರಟ್ಟು, ರಬ್ಬರ್ ಬ್ಯಾಂಡು. ರಟ್ಟು ನೋಡಿದ ಕೂಡಲೇ ಅವರ ಭುಜ ಇಳಿಯಿತು. ಆದರೂ ಬ್ಯಾಂಡು ಬಿಚ್ಚಿದರು, ಅಲ್ಲೇ ಕಲ್ಲಿನ ಮೇಲೆ ಕೂತು ಓದತೊಡಗಿದರು.

ತಮಿಳಿನಲ್ಲಿ ಬರೆದಿತ್ತು. ಮೊದಲ ಪುಟಗಳಲ್ಲಿ ಗೆರೆ ಮೀರಿದ ದೊಡ್ಡ ದೊಡ್ಡ ಅಕ್ಷರ, ಮಗುವಿನ ಕೈ. ಮಾವ ನನಗೆ ಕನ್ನಡದಲ್ಲಿ ಹೇಳುತ್ತ ಹೋದರು. "ಇವತ್ತು ಆಯಿಲ್ ಹಾಕಿದರು. ಅಪ್ಪ ಮೆಕ್ಯಾನಿಕ್ ಅಂಕಲ್ ಹತ್ತಿರ ಜಗಳ ಮಾಡಿದರು. ನಾನು ಎರಡು ವರ್ಕಿ ಬಿಸ್ಕತ್ತು ತಿಂದೆ." ಪಕ್ಕದಲ್ಲಿ ಬಿಲ್ಲು ಪಿನ್ ಹಾಕಿತ್ತು. ಪುಟ ತಿರುವಿದಂತೆ ಅಕ್ಷರ ಚಿಕ್ಕದಾಯಿತು, ನೆಟ್ಟಗಾಯಿತು. "ಮುಂದಿನ ಬ್ರೇಕ್ ಪ್ಯಾಡ್ ಬದಲು. ಮತ್ತೆ ಸರ್ವೀಸ್ ನನ್ನ ಪರೀಕ್ಷೆ ಮುಗಿದ ಮೇಲೆ. ಅಪ್ಪ ಮರೆಯಬಾರದು." ಹತ್ತು ವರ್ಷ ಒಬ್ಬ ಅಪ್ಪ ಪ್ರತಿ ಸರ್ವೀಸನ್ನೂ ಮಗಳ ಕೈಯಲ್ಲಿ ಬರೆಸಿದ್ದ. ಪುಟಗಳ ತುಂಬ ಆಯಿಲ್ ಮಚ್ಚೆ.

ಮಾವ ಪುಸ್ತಕ ಮುಚ್ಚಿ, "ತಕ್ಕೊಳಿ" ಎಂದರು.

"ಇಂಜಿನ್ ನೋಡಲ್ವಾ ಮಾವ?"

"ಇದಕ್ಕಿಂತ ಏನ್ ನೋಡ್ಬೇಕು?"

ಸುಮಾ ಬಿಡಲಿಲ್ಲ. ಮೂರು ವಾರ ಮಾವನ ಹಿಂದೆ ತಿರುಗಿ ಅವಳೂ ಪಳಗಿದ್ದಳು. ನಾವು ಬರುವ ಮುಂಚೆ ಡೀಲರು ಗಾಡಿ ಬಿಸಿ ಮಾಡಿಟ್ಟಿದ್ದಾನೆಯೇ ಎಂದು ಬಾನೆಟ್ ಮೇಲೆ, ಜ್ವರ ನೋಡುವಂತೆ, ಅಂಗೈ ಇಟ್ಟಳು. ತಣ್ಣಗಿತ್ತು. ಒಂದೇ ಕೀಲಿಗೆ ಗಾಡಿ ಎದ್ದಿತು. ಡೀಲರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರು ರಸ್ತೆಗೆ ಹೊರಟೇಬಿಟ್ಟಳು. ನಾನು ಮಾವನ ಪಕ್ಕ ಕಲ್ಲಿನ ಮೇಲೆ ಕೂತೆ. ನಮ್ಮ ಮೊದಲ ಕಾರು ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತ ನನಗೆ ಹಿಗ್ಗೋ ಹಿಗ್ಗು. ಮಾವ ಹಸಿರು ರಟ್ಟನ್ನು ಸವರುತ್ತಿದ್ದರು.

"ನಮ್ದು ನೀಲಿ ರಟ್ಟಿಂದು" ಎಂದರು.

ಮಾವ ರಿಟೈರಾದ ಮೇಲೆ ಒಂದು ಹಳೆಯ ವ್ಯಾನು ಕೊಂಡಿದ್ದರು. ನನಗೂ ನೆನಪಿದೆ, ಎಲೆ ಹಸಿರು ಬಣ್ಣ, ಮಾವ ಅತ್ತೆ ಭಾನುವಾರ ಭಾನುವಾರ ಅದರಲ್ಲಿ ಎಲ್ಲಿಗಾದರೂ ಹೊರಡುತ್ತಿದ್ದರು. ಲಾಗ್ ಬುಕ್ಕಿನ ಅಭ್ಯಾಸ ಬಿಡಬೇಕೇಕೆಂದು ಅತ್ತೆ ಅದಕ್ಕೂ ಒಂದು ನೋಟ್ ಪುಸ್ತಕ ಇಟ್ಟಿದ್ದರಂತೆ. ಅತ್ತೆ ಹೋದ ತಿಂಗಳಲ್ಲೇ ಮಾವ ವ್ಯಾನನ್ನು ಗೂಡಲೂರಿನ ಒಬ್ಬ ಡೀಲರನಿಗೆ ಕೊಟ್ಟುಬಿಟ್ಟರು. ಎಡಗಡೆ ಸೀಟು ಖಾಲಿ ಇಟ್ಟುಕೊಂಡು ಓಡಿಸಲು ಆಗಲಿಲ್ಲ.

"ಡ್ಯಾಶ್‌ಬೋರ್ಡಲ್ಲಿ ಪುಸ್ತಕ ಹಂಗೇ ಹೋಯ್ತು ಕಣ್ಲಾ. ನೆಪ್ಪಾಗಿ ಓಡೋದ್ರೆ ಅವನು ಅಂಗಡಿ ಮುಚ್ಚಿದ್ದ. ವಂಡಿ ಯಾರಿಗೆ ಕೊಟ್ಟ ಅಂತ ಗೊತ್ತಿಲ್ಲ. ನಲವತ್ತಮೂರ್ರದ್ದು, ಬೆಟ್ಟ ಬಿಟ್ಟು ಹೋಗಿರಲ್ಲ. ಯಾವುದಾದ್ರೂ ಯಾರ್ಡಿಗೆ ಬಂದೇ ಬರ್ತದೆ. ವಂಡಿ ಹೋಗಿದ್ರೂ, ಪುಸ್ತಕ ಯಾರಾದ್ರೂ ಬೇರೆ ವಂಡೀಲಿ ಹಾಕಿಟ್ಟಿರ್ಬೋದು. ನಾನೊಬ್ನೇ ಹೋಗಿ ಕೇಳಿದ್ರೆ ಮುದುಕಂಗೆ ಮಂಡೆ ಸರಿಯಿಲ್ಲ ಅಂತಾರೆ. ಗಿರಾಕಿ ಜೊತೇಲಿ ಹೋದ್ರೆ ಎಲ್ಲಾ ಬಾಗ್ಲೂ ತೆಗೀತಾರೆ."

ಆರು ವರ್ಷ! ಇಡೀ ನೆಂಟರಿಷ್ಟರು ನಗುತ್ತಿದ್ದ ಆ ಮೊಣಕೈ ಹುಡುಕುತ್ತಿದ್ದದ್ದು ಇದನ್ನು. ನಾನೂ ನಕ್ಕಿದ್ದೆ, ಎಲ್ಲರಿಗಿಂತ ಜೋರಾಗಿ. ಸುಮ್ಮನಿರಲಾರದೆ, "ಹಾಗಾದರೆ ಆ ಕೆಂಪು ಕಾರು, ಬೆಳ್ಳಿ ಕಾರು, ಅವನ್ನೆಲ್ಲ ಬೇಡ ಅಂದಿದ್ದು?" ಎಂದೆ.

"ಅವು ನಿಜವಾಗ್ಲೂ ದರಿದ್ರ ವಂಡಿಗಳೇ ಕಣ್ಲಾ" ಎಂದರು ಮಾವ, ಸ್ವಲ್ಪ ಬೇಸರದಿಂದಲೇ. ಅವರ ವಿದ್ಯೆಯನ್ನು ನಾನು ಅನುಮಾನಿಸಬಾರದಿತ್ತು.

ಆಮೇಲೆ ಹೇಳಿದರು, "ಅವಳು ಬರ್ದಿದ್ದು ಪೂರ್ತಿ ಬಾಯಿಗೆ ಬರ್ತಿತ್ತು ನಂಗೆ. 'ಮೈಸೂರಿಗೆ ಹೋಗಿ ಬಂದೆವು. ಕ್ಲಚ್ ಗಟ್ಟಿ. ಇವರು ದಾರಿ ಕೇಳಲಿಲ್ಲ, ಒಂದು ಗಂಟೆ ತಪ್ಪಿದೆವು.' ಹಿಂಗೆ. ಈಗ ಆರೇಳು ಪುಟ ಅಷ್ಟೇ ಬರ್ತದೆ. ಮಿಕ್ಕಿದ್ದು ಹೋಯ್ತಾ ಅದೆ."

ಸುಮಾ ಗಾಡಿ ತಂದು ನಿಲ್ಲಿಸಿದಳು, ಮುಖದ ತುಂಬ ನಗು. ಬ್ರೇಕು, ಕ್ಲಚ್ಚು, ಎಲ್ಲ ಸರಿಯಾಗಿದೆಯಂತೆ. ನಾನು ವಿಷಯ ಹೇಳಿದೆ. ಅವಳು ಕೂಡಲೇ ಫೋನ್ ತೆಗೆದು, ಮಾವನಿಂದ ವ್ಯಾನಿನ ನಂಬರು ಕೇಳಿ, ಮಾಲೀಕರು ಯಾರೆಂದು ಹುಡುಕಿದಳು. ಈಗ ಸಾರಿಗೆ ಇಲಾಖೆಯ ಆ್ಯಪಿನಲ್ಲಿ ಹಾಗೆ ನೋಡಬಹುದಲ್ಲ. ಹೆಸರಿನ ಅರ್ಧ ಅಕ್ಷರಗಳನ್ನು ನಕ್ಷತ್ರ ಹಾಕಿ ಮುಚ್ಚಿದ್ದರು. ಉಳಿದರ್ಧ ಸಾಕಿತ್ತು. ಅದು ಮಾವನದೇ ಹೆಸರು! ಊರಿನವರ ಕಾಗದವೆಲ್ಲ ಬೆಳಕಿಗೆ ಹಿಡಿದು ನೋಡುವ ಮನುಷ್ಯ, ತಮ್ಮ ಗಾಡಿ ಮಾರುವಾಗ ಹೆಸರು ಬದಲಾಯಿಸಿ ಕೊಟ್ಟೇ ಇರಲಿಲ್ಲ. ಆ ದಿನ ಕೀಲಿ ಕೊಟ್ಟು ಹಿಂದೆ ನೋಡದೆ ಬಂದಿದ್ದರು. ಸರ್ಕಾರದ ಲೆಕ್ಕದಲ್ಲಿ ಆ ವ್ಯಾನು ಇನ್ನೂ ಅವರದೇ. ಅದು ಎಲ್ಲಿದೆ ಎಂಬುದು ಮಾತ್ರ ಸರ್ಕಾರಕ್ಕೂ ಗೊತ್ತಿಲ್ಲ.

ವ್ಯಾಪಾರ ಕುದುರಿತು. ಕಾಗದಕ್ಕೆ ಸಹಿ ಮಾಡುವಾಗ ಮಾವ ಪಕ್ಕದಲ್ಲೇ ನಿಂತು, ಹೆಸರು ಬದಲಾಯಿಸುವ ಫಾರಮ್ಮನ್ನು ಎರಡು ಸಲ ಓದಿಸಿದರು. ಆಮೇಲೆ ಹಸಿರು ಪುಸ್ತಕ ಸುಮಾಳ ಕೈಗೆ ಕೊಟ್ಟು, "ಬೇಕಾದ ಪುಟ ಫೋಟೋ ತಕ್ಕೊ ಅಮ್ಮಣ್ಣಿ. ಪುಸ್ತಕ ಅವರ ಮನೆಗೆ ಕೊಟ್ಬುಟ್ಟು ಹೋಗವಾ" ಎಂದರು.

"ಮಾವ, ಇದು ಗಾಡಿಯ ಸರ್ವೀಸ್ ಬುಕ್ ಅಲ್ವಾ?" ಎಂದ ಡೀಲರು ಕಣ್ಣು ಬಿಟ್ಟು. ಅವನೂ ಅವರನ್ನು ಮಾವ ಎನ್ನತೊಡಗಿದ್ದ.

"ವಂಡೀದಲ್ಲ. ಆ ಮಗೀದು."

ಹೀಗೆ ನಮ್ಮ ಮೊದಲ ಕಾರಿನ ಮೊದಲ ಪ್ರಯಾಣ ಮನೆಗಲ್ಲ, ಕೇತಿಗೆ. ಸುಮಾ ಸ್ಟೇರಿಂಗಿನಲ್ಲಿ, ಮಾವ ಮುಂದಿನ ಸೀಟಿನಲ್ಲಿ ಪುಸ್ತಕ ಹಿಡಿದು. ಡೀಲರು ಫೋನಿನಲ್ಲಿ ತಿಳಿಸಿದ್ದರಿಂದ ಆ ಮನೆಯ ಯಜಮಾನರು ಗೇಟಿನಲ್ಲೇ ನಿಂತಿದ್ದರು. ಮಗಳು ಕಾಲೇಜು ಓದಲು ಕೊಯಮತ್ತೂರಿಗೆ ಹೋಗಿದ್ದಾಳಂತೆ. ಗಾಡಿ ಕೊಟ್ಟ ಮೇಲೆ ಪುಸ್ತಕಕ್ಕಾಗಿ ಮನೆಯೆಲ್ಲ ಹುಡುಕಿ, ರದ್ದಿಗೆ ಹೋಯಿತೆಂದು ಮಗಳ ಹತ್ತಿರ ಬೈಸಿಕೊಂಡಿದ್ದರಂತೆ. ಅವರು ಪುಸ್ತಕ ತೆಗೆದುಕೊಂಡು, ಅಲ್ಲೇ ನಿಂತು ಒಂದೊಂದೇ ಪುಟ ತಿರುವತೊಡಗಿದರು. ನಮ್ಮನ್ನು ಒಳಗೆ ಕರೆಯುವುದನ್ನೇ ಮರೆತರು. ನಾನು ಕೆಮ್ಮಲು ಹೋದೆ, ಮಾವ ನನ್ನ ತೋಳು ಹಿಡಿದು ಬೇಡವೆಂದರು.

ಒಂದನೇ ತಾರೀಖು ಸುಮಾ ಏಳೂಮುಕ್ಕಾಲಿಗೇ ನಡುವಟ್ಟಂ ತಲುಪಿ ಫೋನ್ ಮಾಡಿದಳು. ಟ್ರಂಕು ಮತ್ತೆ ಮಂಚದ ಕೆಳಗೆ ಹೋಯಿತು. ಹೀಗಾಗಿ, ಪುಸ್ತಕವಿಲ್ಲದೆ ಯಾರಿಗೂ ಗಾಡಿ ಕೊಳ್ಳಲು ಬಿಡದ ಮಾವ ಆರಿಸಿಕೊಟ್ಟ ಒಂದೇ ಒಂದು ಗಾಡಿಯಲ್ಲಿ ಪುಸ್ತಕವಿಲ್ಲ. ಡಬ್ಬಿಯಲ್ಲಿ ಮಗಳು ಇಟ್ಟ ಖಾಲಿ ನೋಟ್ ಪುಸ್ತಕವೂ, ಗೂಡಲೂರು ವ್ಯಾಪಾರಿಯ ಪೆನ್ನೂ ಇವೆ.

ಇಷ್ಟು ಹೊತ್ತು ನಗುತ್ತ ಓದಿದಿರಿ, ಈಗ ನನ್ನದೊಂದು ಕೆಲಸವಿದೆ. ನೀಲಗಿರಿಯ ಕಡೆ, ಅಥವಾ ಎಲ್ಲೇ ಆಗಲಿ, ನೀವು ನಲವತ್ತಮೂರರ ನಂಬರಿನ ಎಲೆ ಹಸಿರು ಬಣ್ಣದ ಹಳೆಯ ವ್ಯಾನು ಕೊಂಡಿದ್ದರೆ, ದಯವಿಟ್ಟು ಎಡಗಡೆ ಬಾಗಿಲು ತೆಗೆಯಿರಿ. ಡಬ್ಬಿಯೊಳಗೆ ಮೊಣಕೈವರೆಗೂ ಕೈ ಹಾಕಿ. ನೀಲಿ ರಟ್ಟಿನ ಉದ್ದನೆಯ ನೋಟ್ ಪುಸ್ತಕ, ಕನ್ನಡದಲ್ಲಿ ದುಂಡಗೆ ಬರೆದಿರುತ್ತದೆ, ನಡುನಡುವೆ ನಮ್ಮ ಮಾವನಿಗೆ ಬೈಗುಳವಿರುತ್ತದೆ. ಸಿಕ್ಕರೆ ಗೂಡಲೂರಿನ ಯಾವ ಹಳೆಯ ಕಾರಿನ ಅಂಗಡಿಯಲ್ಲಾದರೂ ಕೊಡಿ, ಅವರಿಗೆಲ್ಲ ಮಾವ ಗೊತ್ತು. ಬೇಗ ಕೊಡಿ, ಈಗ ಮಾವನ ಬಾಯಿಗೆ ಐದು ಪುಟ ಅಷ್ಟೇ ಬರುತ್ತಿದೆ. ಗಾಡಿ ನೀವೇ ಇಟ್ಟುಕೊಳ್ಳಿ.